ಪುನರ್ಪುಳಿ ಸಿರಪ್: ಹುಳಿಯ ಕಾವಲು ಎಲ್ಲಿವರೆಗೆ?

ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ನಮ್ಮ ಕಡೆ ಮನೆಮಂದಿಯ ಬೆರಳೆಲ್ಲ ಕೆಂಪು. ಬಣ್ಣ ಹತ್ತಿಸುವ ಈ ಹುಳಿ ಹಣ್ಣು ಮಂಗಳೂರು ಕಡೆ ಪುನರ್ಪುಳಿ, ಶಿರಸಿ, ಸಾಗರದಲ್ಲಿ ಮುರುಗಲು, ಗೋವಾ ದಾಟಿದರೆ ಕೋಕಂ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದೂ ಒಂದು ಬೆರಿಯೇ.

ಬೆರಿಗಳಲ್ಲಿ ಕೆಲವಕ್ಕೆ ಕೆಡದಂತೆ ತಮ್ಮ ಕಾವಲು ತಾವೇ ಕಾಯುವ ಗುಣ ಇದೆ. ಸ್ವೀಡನ್ನಿನಲ್ಲಿ ಲಿಂಗನ್‌ಬೆರಿ ಹಣ್ಣನ್ನು ಬರೀ ನೀರಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಕೆಡದಂತೆ ತಡೆಯುವ ಬೆಂಜೋಯಿಕ್ ಆಮ್ಲ ಆ ಹಣ್ಣಿನೊಳಗೇ ಇರುತ್ತದೆ. ಅಂಗಡಿಯ ಜ್ಯೂಸ್ ಬಾಟಲಿ ತಿರುಗಿಸಿ ನೋಡಿ. ಪ್ರಿಸರ್ವೇಟಿವ್ 211 ಅಂತಿದ್ದರೆ ಅದು ಇದೇ ಆಮ್ಲದ ಸೋಡಿಯಂ ಲವಣ. 202 ಅಂತಿದ್ದರೆ ಅದು ಸೋರ್ಬಿಕ್ ಆಮ್ಲದ ಬಳಗ. ಆ ಆಮ್ಲವನ್ನು 1859ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಮೊದಲು ತೆಗೆದದ್ದು ರೋವನ್ ಎಂಬ ಕಾಡು ಹಣ್ಣಿನ ರಸದಿಂದ!

ನಮ್ಮ ಪುನರ್ಪುಳಿಯಲ್ಲಿ ಈ ಕಾವಲಿನ ಕೆಲಸ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ಜೊತೆಗೆ ಗಾರ್ಸಿನಾಲ್ ಎಂಬ ಹಳದಿ ವಸ್ತು. ಮನೆಯಲ್ಲೇ ಸಿರಪ್ ಮಾಡುತ್ತಾ ಇವು ಎಲ್ಲಿ ನಮ್ಮ ಕೈ ಹಿಡಿಯುತ್ತವೆ, ಎಲ್ಲಿ ಬಿಡುತ್ತವೆ ಅಂತ ನೋಡೋಣ.

ಹಣ್ಣು ಆರಿಸುವುದು. ಕಪ್ಪುಗೆಂಪು ಬಣ್ಣಕ್ಕೆ ತಿರುಗಿದ, ಒಡೆಯದ ಹಣ್ಣು ಬೇಕು. ಮರದಡಿ ಬಿದ್ದದ್ದನ್ನು ಹೆಕ್ಕುವಾಗ ಹುಷಾರು. ದನ ಓಡಾಡುವ ಜಾಗದ ಸಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಇರಬಹುದು. ಬಿರುಕು ಬಿಟ್ಟ ಹಣ್ಣನ್ನು ಗಿಡದ ಬುಡಕ್ಕೆ ಹಾಕಿಬಿಡಿ, ಲೋಭ ಬೇಡ.

ತೊಳೆಯುವುದು. ಕೊಯ್ಯುವ ಸ್ವಲ್ಪ ಮೊದಲು ಹರಿಯುವ ನೀರಲ್ಲಿ ಉಜ್ಜಿ ತೊಳೆದು ಬಟ್ಟೆಯಲ್ಲಿ ಒರೆಸಿ. ಸೋಪು ಬೇಡ. ಸೋಪು ನಿಮ್ಮ ಕೈಗೆ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಡುಗೆಗೆ ಬರುವುದು ಬಹಳ ಸಲ ನಮ್ಮದೇ ಕೈ, ಮೂಗಿನಿಂದ.

ಕೊಯ್ಯುವುದು. ಕಬ್ಬಿಣದ ಮೆಟ್ಟುಕತ್ತಿ, ಅಲ್ಯೂಮಿನಿಯಂ ಪಾತ್ರೆ ಎರಡೂ ಬೇಡ, ಈ ಹುಳಿ ಅವನ್ನು ತಿನ್ನುತ್ತದೆ. ಸ್ಟೀಲ್ ಚಾಕು, ಗಾಜಿನ ಭರಣಿ ಸಾಕು. ಹಣ್ಣನ್ನು ಎರಡು ಹೋಳು ಮಾಡಿ ಬೀಜ, ತಿರುಳು ಬೇರೆ ಇಡಿ. ಆಗ ಬೆರಳಿಗೆ ಹಳದಿ ಮೇಣ ಹತ್ತುತ್ತದಲ್ವಾ? ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ಎರಡು ಹನಿ ತೆಂಗಿನೆಣ್ಣೆ ಹಚ್ಚಿ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ. ಗಾರ್ಸಿನಾಲ್ ಇರುವುದು ಆ ಮೇಣದಲ್ಲೇ. ಪ್ರಯೋಗಾಲಯದಲ್ಲಿ ಇದು ಸ್ಟ್ಯಾಫಿಲೋಕಾಕಸ್ ಬೆಳೆಯದಂತೆ ತಡೆದದ್ದುಂಟು. ಆದರೆ ಇದರ ಒಲವು ಎಣ್ಣೆಯ ಕಡೆಗೆ, ನೀರಿನ ಕಡೆಗಲ್ಲ. ನಿಮ್ಮ ಲೋಟದ ಶರಬತ್ತಿಗೆ ಅದು ಇಳಿಯುವುದು ಅಷ್ಟಕ್ಕಷ್ಟೇ. ಇ. ಕೋಲಿ, ಸಾಲ್ಮೊನೆಲ್ಲಾಗಳಿಗಂತೂ ಮೈಮೇಲೆ ಇನ್ನೊಂದು ಹೊರಪದರ ಇದೆ, ಇಂಥ ವಸ್ತುಗಳು ಒಳಗೆ ನುಗ್ಗುವುದೇ ಕಷ್ಟ. ಹಾಗಾಗಿ ಶರಬತ್ತಿನಲ್ಲಿ ನಂಬಬೇಕಾದದ್ದು ಹುಳಿಯನ್ನೇ.

ಸಕ್ಕರೆ ಹಾಕುವುದು. ಸಿಪ್ಪೆಯ ತೂಕದ ಎರಡರಷ್ಟು ಸಕ್ಕರೆ. ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ವಾರದ ಮಟ್ಟಿಗೆ ಬಿಸಿಲಲ್ಲಿಡಿ. ದಿನಕ್ಕೊಮ್ಮೆ ಅಲುಗಾಡಿಸಿ. ಸಕ್ಕರೆ ಸಿಪ್ಪೆಯ ನೀರನ್ನು ಎಳೆದು ತಾನು ಕರಗುತ್ತದೆ. ಈಗ ಬ್ಯಾಕ್ಟೀರಿಯಾಕ್ಕೆ ಎರಡು ಕಡೆಯಿಂದ ಪೆಟ್ಟು. ಸಕ್ಕರೆ ಅದಕ್ಕೆ ನೀರು ಸಿಗಲು ಬಿಡುವುದಿಲ್ಲ. ಇತ್ತ ಒಳಗೆ ನುಗ್ಗುವ ಆಮ್ಲವನ್ನು ಹೊರಹಾಕುವುದರಲ್ಲೇ ಅದರ ಶಕ್ತಿಯೆಲ್ಲ ಮುಗಿಯುತ್ತದೆ, ಬೆಳೆಯಲು ಏನೂ ಉಳಿಯುವುದಿಲ್ಲ. ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಬೆಳೆಯಲು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಮೇಲಿರಬೇಕು. ಪುನರ್ಪುಳಿ ಅದಕ್ಕಿಂತ ಎಷ್ಟೋ ಕೆಳಗೆ.

ಸೋಸಿ ಕುದಿಸುವುದು. ಇಲ್ಲಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಜಗಳ. ಕುದಿಸಿದರೆ ಬಣ್ಣ ಮಂಕಾಗುತ್ತದೆ ಅಂತ ಅತ್ತೆಯ ತಕರಾರು. ಅದು ನಿಜವೇ. ಆದರೂ ನಾನು ಒಂದು ಕುದಿ ಬರಿಸಿಯೇ ತೀರುತ್ತೇನೆ. ಬ್ಯಾಕ್ಟೀರಿಯಾ ಬೆಳೆಯದೆ ಇರುವುದು ಬೇರೆ, ಸಾಯುವುದು ಬೇರೆ. 1996ರಲ್ಲಿ ಅಮೆರಿಕದಲ್ಲಿ ಕಾಯಿಸದೆ ಮಾರಿದ ಸೇಬಿನ ರಸ ಕುಡಿದು ಅರವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಸೇಬಿನ ರಸವೂ ಹುಳಿಯೇ. ಅದರಲ್ಲಿದ್ದ ಓ157 ಎಂಬ ಇ. ಕೋಲಿ ಆ ಹುಳಿಯನ್ನು ಸಹಿಸಿಕೊಂಡು ಸುಮ್ನೆ ಕೂತಿತ್ತು. ಬಿಸಿ ಸಿರಪ್ಪನ್ನು ಕುದಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಬಾಟಲಿಯೂ ಬಿಸಿಯಾಗಿರಲಿ, ಇಲ್ಲದಿದ್ದರೆ ಒಡೆದೀತು.

ಒಂದು ವರ್ಷ ನಾನೇ ಒದ್ದೆ ಸೌಟು ಅದ್ದಿದ್ದೆ. ಹತ್ತು ದಿನ ಬಿಟ್ಟು ಮುಚ್ಚಳ ತಿರುಗಿಸಿದರೆ ಟಪ್ ಅಂತ ಹಾರಿತು, ಸೀಲಿಂಗಿನ ಕೆಂಪು ಕಲೆ ಇನ್ನೂ ಹೋಗಿಲ್ಲ. ಅದು ಬ್ಯಾಕ್ಟೀರಿಯಾದ ಕೆಲಸ ಅಲ್ಲ, ಯೀಸ್ಟಿನದು. ಯೀಸ್ಟಿಗೆ ಹುಳಿ, ಸಿಹಿ ಎರಡೂ ಒಗ್ಗುತ್ತವೆ. ಸಿರಪ್ಪಿನಲ್ಲಿ ಗುಳ್ಳೆ ಕಂಡರೆ, ಹೆಂಡದ ವಾಸನೆ ಬಂದರೆ ಚೆಲ್ಲಿ.

ಶರಬತ್ತು ಬೆರೆಸುವುದು. ಒಂದು ಲೋಟ ಸಿರಪ್ಪಿಗೆ ಐದಾರು ಲೋಟ ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ನೀರು ಸೇರಿದ ಕ್ಷಣಕ್ಕೆ ಸಕ್ಕರೆಯ ಕಾವಲು ಹೋಯಿತು, ಹುಳಿಯೂ ತೆಳುವಾಯಿತು. ಆದ್ದರಿಂದ ಕುದಿಸಿ ಆರಿಸಿದ ನೀರೇ ಇರಲಿ. ಐಸ್ ಕೂಡ ಅದೇ ನೀರಿನದಾಗಬೇಕು. ಬೇಕಾದಷ್ಟೇ ಬೆರೆಸಿ, ಉಳಿದರೆ ಫ್ರಿಜ್ಜಿನಲ್ಲಿಟ್ಟು ಅವತ್ತೇ ಮುಗಿಸಿ. ತೆಂಗಿನ ಹಾಲು ಹಾಕಿ ಸೋಲ್‌ಕಡಿ ಮಾಡುವವರು ಅದನ್ನು ಹಾಲಿನ ಹಾಗೇ ನೋಡಿಕೊಳ್ಳಬೇಕು. ಸೆಕೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಡುವ ಹಾಗಿಲ್ಲ, ಎಷ್ಟೇ ಹುಳಿ ಇದ್ದರೂ.