ಆಟದ ಬಯಲಿನಲ್ಲಿ ಕೋನಾರ್ಧಕ

ಕೋನವನ್ನು ಸಮವಾಗಿ ಸೀಳುವ ರೇಖೆ ಎದುರಿನ ಬಾಹುವನ್ನೂ ಸಮವಾಗಿಯೇ ಸೀಳುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. 6.5, 7, 7.5 ಸೆಂಟಿಮೀಟರ್ ಬಾಹುಗಳ ತ್ರಿಭುಜವನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ: 7ರ ಬಾಹುವಿನ ಮೇಲೆ ಕೋನಾರ್ಧಕ ತಗಲುವ ಬಿಂದುವಿಗೂ ಮಧ್ಯಬಿಂದುವಿಗೂ ಅಂತರ ಎರಡೂವರೆ ಮಿಲಿಮೀಟರ್ ಮಾತ್ರ. ಮೊಂಡು ಪೆನ್ಸಿಲ್ ಅದನ್ನು ನುಂಗಿಬಿಡುತ್ತದೆ.

ಅದಕ್ಕೇ ಮುಳಬಾಗಿಲು ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಈ ಪಾಠವನ್ನು ಬಿಸಿಲೇರುವ ಮುನ್ನ ಬಯಲಿನಲ್ಲೇ ಮಾಡುತ್ತೇನೆ. ಗೂಟ, ಟೇಪು, ಕಬಡ್ಡಿ ಅಂಕಣಕ್ಕೆ ತಂದ ಸುಣ್ಣದ ಪುಡಿ, ನೂಲಿನ ಹಗ್ಗ ಇದ್ದರೆ ಸಾಕು. ನೈಲಾನ್ ಹಗ್ಗ ಬೇಡ, ಜಗ್ಗಿದರೆ ಹಿಗ್ಗುತ್ತದೆ.

ಎ, ಬಿ, ಸಿ ಎಂಬ ಮೂರು ಗೂಟಗಳ ತ್ರಿಭುಜ: ಎಬಿ 13 ಮೀಟರ್, ಬಿಸಿ 14, ಎಸಿ 15. ಎ ಗೂಟದಿಂದ ಎರಡೂ ಬಾಹುಗಳ ಮೇಲೆ 3 ಮೀಟರಿಗೆ ಒಂದೊಂದು ಗೂಟ ಹೊಡೆಸಿ, 6 ಮೀಟರ್ ಹಗ್ಗದ ತುದಿಗಳನ್ನು ಅವಕ್ಕೆ ಕಟ್ಟಿಸುತ್ತೇನೆ. ಹಗ್ಗದ ನಡುವನ್ನು ಹಿಡಿದು ತ್ರಿಭುಜದ ಒಳಗಡೆಗೆ ಬಿಗಿಯಾಗಿ ಎಳೆದಾಗ ಸಿಗುವ ಬಿಂದು ಕೋನಾರ್ಧಕದ ಮೇಲಿರುತ್ತದೆ. ಮೂರು ಬಾಹುಗಳು ಸಮವಾದರೆ ತ್ರಿಭುಜಗಳು ಸರ್ವಸಮ ಎಂಬ ಬಾ-ಬಾ-ಬಾ ನಿಯಮವನ್ನು ಮಕ್ಕಳೇ ನೆನಪಿಸುತ್ತಾರೆ. ಗೆರೆ ಮುಂದುವರಿಸಿದರೆ ಅದು ಬಿಸಿಯನ್ನು ಬಿಯಿಂದ ಆರೂವರೆ ಮೀಟರಿನಲ್ಲಿ ಮುಟ್ಟುತ್ತದೆ. “ಮಿಸ್, ಮಧ್ಯಕ್ಕೆ ಬರಲಿಲ್ಲ!” ಅರ್ಧ ಮೀಟರ್ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ.

ಆ ಬಿಂದು ಡಿ. ಅಲ್ಲಿಂದ ಎಬಿಗೆ ಎಷ್ಟು ದೂರ? ಟೇಪಿನ ಒಂದು ತುದಿಯನ್ನು ಡಿಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಗೆರೆಯುದ್ದಕ್ಕೂ ಸರಿಸುತ್ತಾ ಅತಿ ಕಡಿಮೆ ಅಳತೆಯನ್ನು ಹುಡುಕಬೇಕು, ಅದೇ ಲಂಬದೂರ. ಎಸಿಗೂ ಅಷ್ಟೇ ಬರುತ್ತದೆ. ಕೋನಾರ್ಧಕದ ಜೀವಾಳವೇ ಈ ಸಮದೂರ. ಎಬಿಡಿ, ಎಸಿಡಿ ತ್ರಿಭುಜಗಳಿಗೆ ಡಿಯಿಂದ ಎತ್ತರ ಒಂದೇ, ಆದ್ದರಿಂದ ವಿಸ್ತೀರ್ಣಗಳು 13:15. ಎಯಿಂದ ನೋಡಿದರೂ ಎತ್ತರ ಒಂದೇ, ಆದ್ದರಿಂದ ಬಿಡಿ:ಡಿಸಿಯೂ 13:15, ಅಂದರೆ ಆರೂವರೆ, ಏಳೂವರೆ. ಸಮಾಂತರ ರೇಖೆ ಎಳೆದು ಸಾಧಿಸುವುದಕ್ಕಿಂತ ಈ ದಾರಿ ನನಗೆ ಹೆಚ್ಚು ಇಷ್ಟ.

ಬಿ, ಸಿ ಕೋನಗಳಿಂದಲೂ ಗೆರೆ ಎಳೆದರೆ ಮೂರೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿಂದ ಮೂರು ಬಾಹುಗಳಿಗೂ 4 ಮೀಟರ್. ವಿಸ್ತೀರ್ಣ 84, ಅರ್ಧ ಸುತ್ತಳತೆ 21; ಭಾಗಿಸಿದರೂ 4. ಅಷ್ಟುದ್ದದ ಹಗ್ಗ ಸುತ್ತಿಸಿ ಸುಣ್ಣ ಚೆಲ್ಲಿದರೆ ಅಂತರ್ವೃತ್ತ ಮೂರೂ ಗೆರೆಗಳನ್ನು ಸವರಿಕೊಂಡು ಹೋಗುತ್ತದೆ.

ವೃತ್ತ ಬಿಸಿಯನ್ನು ಮುಟ್ಟುವುದು ಬಿಯಿಂದ ಆರೂವರೆಯಲ್ಲಲ್ಲ, 6ರಲ್ಲಿ. ತ್ರಿಜ್ಯ ಬಿಸಿಗೆ ಲಂಬ, ಕೋನಾರ್ಧಕ ಕೊಂಚ ಓರೆ. ಎಯಿಂದ ಇಳಿಸಿದ ಲಂಬ 5ರಲ್ಲಿ, ಎಯಿಂದ ಬಿಸಿಯ ಮಧ್ಯಬಿಂದುವಿಗೆ ಎಳೆದ ಮಧ್ಯರೇಖೆ 7ರಲ್ಲಿ. ಎಬಿ, ಎಸಿ ಸಮವಾದರೆ ಈ ನಾಲ್ಕು ಬಿಂದುಗಳೂ ಎಲ್ಲಿ ಹೋಗುತ್ತವೆ ಎಂಬುದನ್ನು ಮನೆಕೆಲಸಕ್ಕೆ ಕೊಡುತ್ತೇನೆ. ಅದಕ್ಕೆ ನೋಟ್‌ಬುಕ್ ಸಾಕು.