ಎಪ್ಪತ್ತು ದಾಟಿದವರಿಗೆ ವಿರಹದ ಎಂಕಾ: ನನ್ನ ಅನುಭವ

ಟೋಕ್ಯೋದಲ್ಲಿ ಕೂತು, ಇಲ್ಲಿನ ವಯಸ್ಸಾದ ಹೆಂಗಸರಿಗೆ ಅಂತಲೇ ಹೊಸ ಎಂಕಾ (ವಿರಹ, ಊರಿನ ನೆನಪು ತುಂಬಿದ ಜಪಾನಿನ ಹಳೇ ಶೈಲಿಯ ಹಾಡು) ಮಾಡಿ ಮಾರುತ್ತೇನೆ ಅಂದಾಗ ನನ್ನ ಹಳೇ ಆರ್ಕೆಸ್ಟ್ರಾ ಗೆಳೆಯರು ಬಿದ್ದು ಬಿದ್ದು ನಕ್ಕರು. "ಗುರೂ, ಅವರ ಹಾಡನ್ನ ಅವರಿಗೇ ಮಾರ್ತೀಯಾ? ಸುಮ್ನೆ ಆಫೀಸ್ ಕೆಲಸ ನೋಡ್ಕೋ" ಅಂದರು. ಹಾಡಿಗೆ ವಾದ್ಯ ಜೋಡಿಸುವ ಇಲ್ಲಿನ ಒಬ್ಬ ಅರೇಂಜರ್ ಅಂತೂ, ಅವರು ಹಳೇ ಹಾಡು ಬಿಟ್ಟು ಬೇರೆ ಏನೂ ಕೇಳಲ್ಲ, ದುಡ್ಡು ನೀರಿಗೆ ಹಾಕಬೇಡ ಅಂದ. ಈಗ ಮೂರನೇ ಹಾಡಿನ ಹೊತ್ತಿಗೆ ಹಾಕಿದ್ದೆಲ್ಲ ಬಂದು, ಮೇಲೆ ಸ್ವಲ್ಪ ಉಳಿದೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸೋದು (ಸೀಕ್ವೆನ್ಸಿಂಗ್), ದನಿಗಳನ್ನು ಹದವಾಗಿ ಬೆರೆಸೋದು (ಮಿಕ್ಸಿಂಗ್) ಎಲ್ಲ ಹಾಡು ಮಾಡುವವರಿಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಹೊರಗಿನವನು ಎಂಕಾಗೆ ಕೈ ಹಾಕಬಾರದು ಅನ್ನುವ ಮಾತೂ ಬಂತು. 2008ರಲ್ಲಿ ಪಿಟ್ಸ್‌ಬರ್ಗಿನ ಹುಡುಗ ಜೆರೋ ಎಂಕಾ ಹಾಡಿ, ಅದೇ ವರ್ಷದ ಕೊನೆಗೆ ಇಲ್ಲಿನ ಎನ್‌ಎಚ್‌ಕೆ ಟೀವಿಯ ವರ್ಷಾಂತ್ಯದ ದೊಡ್ಡ ಹಾಡಿನ ಕಾರ್ಯಕ್ರಮ ಕೋಹಾಕುವಿನ ವೇದಿಕೆ ಹತ್ತಿದ. ಅವನ ಅಜ್ಜಿ ಜಪಾನಿನವರು, ನಿಜ. ನನಗೆ ಅಂಥ ಅಜ್ಜಿ ಇಲ್ಲ. ಆದರೆ ದಸರಾ, ಗಣೇಶನ ಹಬ್ಬ ಅಂತ ಹತ್ತಾರು ವರ್ಷ ಕೀಬೋರ್ಡ್ ಹೊತ್ತು ತಿರುಗಿದ ಅನುಭವ ಇದೆ.

ಮೊದಲ ಹಾಡನ್ನು ಎಲ್ಲರೂ ಮಾಡುವ ಹಾಗೆ ಮಾಡಿದೆ. ಟೋಕ್ಯೋದ ಶೋಕಿ ಬಡಾವಣೆ ಗಿಂಜಾದ ಬಾರು, ಮಳೆ, ಗ್ಲಾಸು, ಬಾರದ ಗಂಡಸು. ಸ್ಯಾಕ್ಸೊಫೋನಿನ ಇಂಟ್ರೋ, ಎಕೋ ತುಂಬಿದ ಗಿಟಾರ್. ಹಾಡುವವರಿಗೆ, ಸ್ಯಾಕ್ಸ್‌ಗೆ, ಸ್ಟುಡಿಯೋಗೆ, ಸೀಡಿ ಒತ್ತಿಸೋದಕ್ಕೆ ಅಂತ 1 ಲಕ್ಷ 40 ಸಾವಿರ ಯೆನ್ ಹತ್ತಿರ ಹೋಯಿತು. ನಲವತ್ತೋ ಏನೋ ಸೀಡಿ ಖರ್ಚಾದವು. ಅದರಲ್ಲೂ ಅರ್ಧ ನನ್ನ ಮುಖ ನೋಡಿ ತಗೊಂಡಿದ್ದು. ಇನ್ನೊಂದು ಕಂಪನಿ ಆನ್‌ಲೈನಿನಲ್ಲಿ ಪ್ರಚಾರ ಮಾಡಿಕೊಡುತ್ತೇವೆ ಅಂತ 20 ಸಾವಿರ ತಗೊಂಡು ಕೈ ಎತ್ತಿತು. ನಮ್ಮ ಕೇಳುಗರು ಅಲ್ಲಿ ಇಲ್ಲವೇ ಇಲ್ಲ, ಅಲ್ವಾ!

ಅವರು ಇರೋದು ಕರೋಕೆ ಕಿಸ್ಸಾಗಳಲ್ಲಿ. ಮಧ್ಯಾಹ್ನ ತೆರೆಯುವ ಸಣ್ಣ ಕಾಫಿ ಅಂಗಡಿಗಳು. ಒಂದು ಹಾಡಿಗೆ ನೂರು ಯೆನ್, ಅಥವಾ ಕಾಫಿ ಸೇರಿಸಿ ಸಾವಿರದ ಆಸುಪಾಸು ಕೊಟ್ಟರೆ ಎಷ್ಟು ಬೇಕಾದರೂ ಹಾಡಬಹುದು. ಇದನ್ನು ಹಿರುಕಾರಾ ಅನ್ನುತ್ತಾರೆ. ನಾನು ರಜೆ ದಿನ ಹೋಗಿ ಮೂಲೆಯಲ್ಲಿ ಕೂರಲು ಶುರು ಮಾಡಿದೆ. ಪಕ್ಕದ ಟೇಬಲ್ಲಿನವರ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್. ಎಡಗಡೆ ಹಾಡಿನ ಹೆಸರು, ಬಲಗಡೆ ಕೆಂಪು ಪೆನ್ನಿನಲ್ಲಿ ಮೈನಸ್ 2, ಮೈನಸ್ 3, ಮೈನಸ್ 4. ಕೆಲವು ಕಡೆ ಮೈನಸ್ 2 ಹೊಡೆದು ಹಾಕಿ ಮೈನಸ್ 3 ಬರೆದಿದ್ದರು. ವಯಸ್ಸಾದಂತೆ ಶ್ರುತಿ ಇಳಿಯುತ್ತಾ ಬಂದ ಲೆಕ್ಕ ಅದು. ಆ ನೋಟ್‌ಬುಕ್ ನೋಡಿದ ಮೇಲೆ ನನ್ನ ದಾರಿ ಪೂರ್ತಿ ಬದಲಾಯಿತು. ಇವರು ಸೀಡಿ ಕೊಳ್ಳುವುದು ಕೇಳೋದಕ್ಕಲ್ಲ, ಹಾಡೋದಕ್ಕೆ.

ಹಾಗಾಗಿ ಎರಡನೇ ಹಾಡಿಗೆ ಮೊದಲು ಕಂಠ ಅಳೆದೆ, ಆಮೇಲೆ ಟ್ಯೂನ್ ಹಾಕಿದೆ. ಕೆಳಗೆ ಕೀಬೋರ್ಡಿನ ನಡು 'ಸಿ'ಗಿಂತ ಕೆಳಗಿನ 'ಎಫ್', ಮೇಲೆ ನಡು 'ಸಿ' ದಾಟಿದ 'ಎ'. ಅಷ್ಟರೊಳಗೇ ಇಡೀ ಹಾಡು ಮುಗಿಯಬೇಕು. ಮೊದಲ ಹಾಡು ಅದಕ್ಕಿಂತ ಮೇಲೆ, 'ಡಿ'ವರೆಗೆ ಹೋಗುತ್ತಿತ್ತು. ವೇಗ ನಿಮಿಷಕ್ಕೆ 84 ಬೀಟಿನಿಂದ 66ಕ್ಕೆ ಇಳಿಸಿದೆ. ಒಂದು ಸಾಲು ಒಂದೇ ಉಸಿರಿನಲ್ಲಿ ಮುಗಿಯಬೇಕು, ಮುಂದಿನ ಸಾಲಿಗೆ ಉಸಿರು ತಗೊಳ್ಳಲು ಪೂರ್ತಿ ಎರಡು ಬೀಟು ಬಿಡಬೇಕು. ಆ ಖಾಲಿ ಜಾಗದಲ್ಲಿ ಗಿಟಾರ್ ಉತ್ತರ ಕೊಡುತ್ತದೆ. ಎತ್ತರ ಇಲ್ಲದೆ ಹಾಡಿನ ತುದಿ ಹೇಗೆ ಬರುತ್ತದೆ ಅಂತ ಕೇಳಬಹುದು. ಅದಕ್ಕೆ ಕೊನೇ ಸಾಲಿನ ಹಿಂದಿನ ತಾಳದ ಸುತ್ತಿನಲ್ಲಿ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯೋಲ್ಲ, ಕ್ಷಮಿಸಿ.

ಸ್ವರಗಳ ವಿಷಯ ನಮಗೆ ಸುಲಭ. ಯೊನಾನುಕಿ ಅಂದರೆ ನಾಲ್ಕನೇ, ಏಳನೇ ಸ್ವರ ಬಿಟ್ಟ ಐದು ಸ್ವರದ ಸರಣಿ. ಎಂಕಾದ ಮೈನರ್ ಯೊನಾನುಕಿ ಅಂದರೆ 'ಎ'ಯಿಂದ ಹೊರಟು ಎ, ಬಿ, ಸಿ, ಇ, ಎಫ್. ಶಿವರಂಜಿನಿಯ ಧೈವತವನ್ನು ಒಂದು ಮನೆ (ಅರ್ಧ ಸ್ವರ) ಕೆಳಗಿಳಿಸಿದರೆ ಇದೇ. ಮೇಜರ್ ಯೊನಾನುಕಿ ನಮ್ಮ ಮೋಹನ. ಟ್ಯೂನಿನಲ್ಲಿ ಮಧ್ಯಮ, ನಿಷಾದ ಇಲ್ಲ ಅಂತ ಹಿಂದೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲೂ (ಕಾರ್ಡ್) ಬಿಟ್ಟರೆ ಸಪ್ಪೆ. 'ಡಿ' ಮೈನರ್, 'ಇ' ಸೆವೆಂತ್ ಧಾರಾಳವಾಗಿ ಹಾಕಿ. ಕೆಳಗೆ ಮಧ್ಯಮ ಇರಲಿ, ಹಾಡುವವರು ಮೇಲೆ 'ಎಫ್' ಹಿಡಿದು ನಿಲ್ಲಲಿ. ನೋವು ಹುಟ್ಟೋದು ಅಲ್ಲೇ. ಒಮ್ಮೆ ಸುಮ್ನೆ ಕುತೂಹಲಕ್ಕೆ ಧೈವತ ಇಳಿಸದೆ ಪೂರ್ತಿ ಶಿವರಂಜಿನಿಯಲ್ಲೇ ಒಂದು ಟ್ಯೂನ್ ಮಾಡಿ ಕಿಸ್ಸಾದವರಿಗೆ ಕೇಳಿಸಿದೆ. "ಚೆನ್ನಾಗಿದೆ, ಆದರೆ ಬೇರೆ ದೇಶದ ಸಿನಿಮಾ ಥರ ಇದೆ" ಅಂತ ನಯವಾಗಿ ಪಕ್ಕಕ್ಕಿಟ್ಟರು. ಇನ್ನೊಂದು ಪ್ರಯೋಗ ಗೆದ್ದಿತು. ಶಾಕುಹಾಚಿ (ಜಪಾನಿನ ಬಿದಿರು ಕೊಳಲು) ನುಡಿಸುವವರು ಕೇಳಿದ ದುಡ್ಡು ನನ್ನ ಕೈಗೆ ಎಟುಕಲಿಲ್ಲ. ಮೈಸೂರಿನ ಗೆಳೆಯನಿಂದ ಎರಡು ಸಾವಿರ ರೂಪಾಯಿಗೆ ಬಾನ್ಸುರಿ ರೆಕಾರ್ಡ್ ಮಾಡಿಸಿದೆ. ಜಾರು ಎಲ್ಲ ತೆಗೆಸಿ, ಉಸಿರಿನ ಸದ್ದು ಜಾಸ್ತಿ ಉಳಿಸಿಕೊಂಡೆ. ಯಾರಿಗೂ ಗೊತ್ತಾಗಲಿಲ್ಲ.

ಗಮಕ ಮಾತ್ರ ನಮ್ಮ ಶತ್ರು. ಎಂಕಾದ ಕೊಬುಶಿ ಅಂದರೆ ಅಕ್ಷರದ ತುದಿಯಲ್ಲಿ ಥಟ್ಟನೆ ಒಂದು ಸುತ್ತು, ಆಮೇಲೆ ನೆಟ್ಟಗೆ. ಉದ್ದ ಸ್ವರವನ್ನು ಮೊದಲು ಅಲುಗಾಡದೆ ಹಿಡಿದು, ಕೊನೆಯಲ್ಲಿ ಮಾತ್ರ ವೈಬ್ರೇಟೊ (ಸ್ವರದ ನಡುಕ) ಬಿಡುತ್ತಾರೆ. ನಾನು ಹಾಡಿ ತೋರಿಸಿದರೆ ಎಲ್ಲವೂ ಅಲ್ಲಾಡುತ್ತದೆ. ಗಾಯಕಿ ಕೈ ಅಡ್ಡ ಹಿಡಿದು ನಿಲ್ಲಿಸಿ, "ನೀವು ಹಾಡಬೇಡಿ, ಕೀಬೋರ್ಡಿನಲ್ಲಿ ನುಡಿಸಿ ಸಾಕು" ಅಂದರು. ಆಮೇಲಿಂದ ಡೆಮೋಗೆ ಯಮಾಹಾದ ಹಾಡುವ ಸಾಫ್ಟ್‌ವೇರ್ ವೊಕಲಾಯ್ಡ್ ಸಚಿಕೊ ಬಳಸುತ್ತೇನೆ. ಎಂಕಾ ಗಾಯಕಿ ಕೊಬಯಾಶಿ ಸಚಿಕೊ ಅವರ ಧ್ವನಿಯಿಂದ ಮಾಡಿದ್ದು, 2015ರಲ್ಲಿ ಬಂದಿದ್ದು. ಗಾಯಕಿ ಕೇಳಿ ಕಲಿಯುವ ಗೈಡ್ ಟ್ರ್ಯಾಕ್‌ಗೆ ಬೇಕಾದಷ್ಟಾಯಿತು. ಎಐನಲ್ಲಿ ಇಡೀ ಹಾಡು ಹೊರಡಿಸಿಯೂ ನೋಡಿದೆ. ಕೊಬುಶಿ ಎಲ್ಲೆಲ್ಲೋ ಬಿತ್ತು. ಅಂಗಡಿಯ ಒಡತಿ ಎರಡನೇ ಸಾಲಿಗೇ ಮುಖ ಎತ್ತಿ, "ಇದನ್ನು ಹಾಡಿದ್ದು ಯಾರು?" ಅಂದರು. ಅಲ್ಲಿಗೆ ಅದು ಮುಗಿಯಿತು.

ಸಾಹಿತ್ಯಕ್ಕೆ ಅಲ್ಲಿ ಬರುವವರಲ್ಲೇ ಒಬ್ಬರನ್ನು ಹಿಡಿದೆ. ಎಪ್ಪತ್ತೈದರ ಆಸುಪಾಸು, ಸೆನ್‌ರ್ಯೂ (ಮೂರು ಸಾಲಿನ ಚುಟುಕು) ಬರೆಯುವ ಹವ್ಯಾಸ. 20 ಸಾವಿರ ಯೆನ್ ಕವರಿನಲ್ಲಿಟ್ಟು ಕೊಟ್ಟೆ. ಗಿಂಜಾ ಹಾಡು ಯಾಕೆ ಓಡಲಿಲ್ಲ ಅಂತ ಹೇಳಿದ್ದೂ ಅವರೇ. "ನಾವ್ಯಾರೂ ಗಿಂಜಾದ ಬಾರಿನಲ್ಲಿ ಕೂತು ಅತ್ತವರಲ್ಲಪ್ಪ. ನಾವು ಫ್ಯಾಕ್ಟರಿ ಹಾಸ್ಟೆಲ್ಲಿನಲ್ಲಿ ಅತ್ತವರು." 1954ರಿಂದ 1975ರವರೆಗೆ ಉತ್ತರದ ಹಳ್ಳಿಗಳಿಂದ ಹದಿನೈದು ವರ್ಷದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಅಂತ ಗುಂಪುಗುಂಪಾಗಿ ರೈಲಿನಲ್ಲಿ ಟೋಕ್ಯೋದ ಉಏನೋ ಸ್ಟೇಷನ್ನಿಗೆ ತಂದು ಇಳಿಸುತ್ತಿದ್ದರು. ಇವರು ಉತ್ತರದ ಅಓಮೊರಿಯಿಂದ ಹಾಗೆ ಬಂದವರು. ನನ್ನ ಎರಡನೇ ಹಾಡು ಅದೇ: ಪ್ಲಾಟ್‌ಫಾರ್ಮ್, ಊರಿನಲ್ಲಿ ಉಳಿದ ಹುಡುಗ, ಮೂರನೇ ಪತ್ರದ ಆಮೇಲೆ ಬಾರದ ಪತ್ರ. ಅಳು ಅನ್ನುವ ಪದವನ್ನೇ ಅವರು ಇಡೀ ಹಾಡಿನಲ್ಲಿ ಬಳಸಿಲ್ಲ. ಮೊದಲ ಸಲ ಹಾಡಿದಾಗ ಎರಡು ಟೇಬಲ್ ಆಚೆ ಒಬ್ಬರು ಕರವಸ್ತ್ರ ತೆಗೆದರು. ನನಗಂತೂ ಸ್ವಲ್ಪ ಜಂಭ ಬಂತು, ಸುಳ್ಳು ಯಾಕೆ ಹೇಳಲಿ.

ಎಂಕಾದ ಏಳು-ಐದು ಮಾತ್ರೆಯ ಸಾಲುಗಳಿಗೆ ಟ್ಯೂನ್ ಕೂರಿಸುವುದು ಕಷ್ಟ ಅಂತ ಹೆದರಿದ್ದೆ. ಸ್ಕೂಲಿನಲ್ಲಿ ಕಲಿತ ಲಘು-ಗುರು ಕೈ ಹಿಡಿಯಿತು. ದೀರ್ಘಕ್ಕೆ ಎರಡು ಮಾತ್ರೆ, ಒತ್ತಕ್ಷರದ ಹಿಂದಿನದಕ್ಕೂ ಎರಡು. ಟಿಕೆಟ್ಟಿಗೆ ಜಪಾನಿಯಲ್ಲಿ ಕಿಪ್ಪು. ಅವರ ಲೆಕ್ಕದಲ್ಲೂ ಮೂರು, ನಮ್ಮ ಲೆಕ್ಕದಲ್ಲೂ ಮೂರು. ಟೋಕ್ಯೋ ಎರಡೂ ಕಡೆ ನಾಲ್ಕು. ಸಾಲನ್ನು ಕನ್ನಡದಲ್ಲಿ ಬರೆದುಕೊಂಡು ಪ್ರಸ್ತಾರ ಹಾಕಿದರೆ ಬಹುಪಾಲು ಸರಿಯಾಗಿ ಕೂರುತ್ತದೆ. ಇಲ್ಲಿನ ಅರೇಂಜರ್‌ಗೆ ಇದನ್ನು ತೋರಿಸಿದಾಗ ಅವನು ಸುಮ್ಮನಾದ.

ಈಗ ದುಡ್ಡು. ಉಏನೋ ಹಾಡಿಗೆ 1 ಲಕ್ಷ 10 ಸಾವಿರ ಖರ್ಚು: ಗಾಯಕಿಗೆ 30 ಸಾವಿರ, ನೈಲಾನ್ ತಂತಿ ಗಿಟಾರ್‌ಗೆ 15, ಅಕಾರ್ಡಿಯನ್‌ಗೆ ಅಷ್ಟೇ, ಉಳಿದಿದ್ದು ಸಾಹಿತ್ಯ, ಸ್ಟುಡಿಯೋ, ಓಡಾಟ. ಸೀಡಿಯನ್ನು ಈ ಸಲ ಮನೆಯಲ್ಲೇ ಬರೆದೆ. ಬೆಲೆ ಸಾವಿರ ಯೆನ್, ಅದರಲ್ಲಿ 200 ಅಂಗಡಿಗೆ. ಸೀಡಿಯಲ್ಲಿ ಹಾಡು, ಅದೇ ಶ್ರುತಿಯ ಕರೋಕೆ, ಎರಡು ಮನೆ ಇಳಿಸಿದ್ದು, ನಾಲ್ಕು ಮನೆ ಇಳಿಸಿದ್ದು. ದೊಡ್ಡ ಕಂಪನಿಗಳ ಎಂಕಾ ಸೀಡಿಗಳಲ್ಲೂ ಅರ್ಧ ಸ್ವರ ಇಳಿಸಿದ ಕರೋಕೆ ಇರುತ್ತದೆ. ನಾಲ್ಕು ಮನೆ ಇಳಿಸಿದ್ದನ್ನು ನಾನು ಎಲ್ಲೂ ನೋಡಿಲ್ಲ, ನನ್ನ ಗಿರಾಕಿಗಳಿಗೆ ಬೇಕಾಗಿದ್ದು ಅದೇ. ಜೊತೆಗೆ ದಪ್ಪ ಅಕ್ಷರದ ಸಾಹಿತ್ಯದ ಹಾಳೆ, ಉಸಿರು ತಗೊಳ್ಳುವ ಕಡೆ ಕೆಂಪು ಗುರುತು. ಆ ಹಾಳೆಗೇ ಸೀಡಿ ಹೋಯಿತು ಅಂತ ನನ್ನ ಅನುಮಾನ. ಸೀಡಿ, ಕ್ಯಾಸೆಟ್ ಸೇರಿ ಮುನ್ನೂರರ ಮೇಲೆ ಹೋಯಿತು. ಗಿಂಜಾದ ನಷ್ಟ ಹೆಚ್ಚುಕಡಿಮೆ ತೀರಿತು.

ಮೂರನೆಯದು ಅಓಮೊರಿಯಿಂದ ಸಮುದ್ರದಾಚೆಯ ಹಕೊದಾತೆಗೆ ಹೋಗುತ್ತಿದ್ದ ಹಡಗಿನ ಹಾಡು. ಸಮುದ್ರದ ಕೆಳಗಿನ ಸೆಇಕಾನ್ ಸುರಂಗ ತೆರೆದ ಮೇಲೆ, 1988ರಲ್ಲಿ ಆ ರೈಲ್ವೆ ಹಡಗು ನಿಂತಿತು. ಬೀಳ್ಕೊಟ್ಟ ದಡ ಹಾಗೇ ಇದೆ, ಹಡಗು ಇಲ್ಲ. ಖರ್ಚು 80 ಸಾವಿರದೊಳಗೆ ಮುಗಿಸಿದೆ. ಇಲ್ಲಿಯವರೆಗೆ ನೂರೈವತ್ತು ಹೋಗಿವೆ. ಮೂರೂ ಸೇರಿಸಿ ನೋಡಿದರೆ ಕೈಯಲ್ಲಿ ಉಳಿದಿದ್ದು ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರದ ಹತ್ತಿರ.

ಯಾರಾದರೂ ಈ ದಾರಿಗೆ ಬರುವುದಾದರೆ ಕ್ಯಾಸೆಟ್ ಬಿಡಬೇಡಿ. ಇಲ್ಲಿ ಎಂಕಾ ಈಗಲೂ ಕ್ಯಾಸೆಟ್ಟಿನಲ್ಲಿ ಬರುತ್ತದೆ. ಸೀಡಿಯಲ್ಲಿ ಒಂದು ಸಾಲು ಹಿಂದಕ್ಕೆ ಹೋಗಲು ಅವರಿಗೆ ಬಟನ್ ಸಿಗುವುದಿಲ್ಲ, ಟೇಪಿನಲ್ಲಿ ಬೆರಳಿಗೇ ಗೊತ್ತು. ಎರಡೂ ಕಡೆ ಅದೇ ಹಾಡು ಹಾಕಿ, ಒಂದು ಕಡೆ ಗಾಯಕಿ, ಇನ್ನೊಂದು ಕಡೆ ಕರೋಕೆ. ಖಾಲಿ ಕ್ಯಾಸೆಟ್ ಕೊಳ್ಳುವಾಗ ಹತ್ತು ನಿಮಿಷದ್ದೇ ಕೇಳಿ, ಅರವತ್ತರದ್ದು ದಂಡ.