ವೈಫೈ ಬೀದಿಗೆ ಸೋರದಂತೆ ಒಂದು ಫಾಯಿಲ್ ತಟ್ಟಿ

ಬೀದಿ ಕಡೆಯ ಕಿಟಕಿ ಪಕ್ಕ ರೌಟರ್ ಇಟ್ಟರೆ ಸಿಗ್ನಲ್ ಒಳಕೋಣೆಗೆ ಹೋದಷ್ಟೇ ರಸ್ತೆಗೂ ಹೋಗುತ್ತದೆ. ಫಾಯಿಲ್‌ನಿಂದ ತಡೆಯಬಹುದು ಅಂದ ಕೂಡಲೇ ಜನ ಇಡೀ ರೌಟರಿಗೆ ಸುತ್ತಿಬಿಡುತ್ತಾರೆ. ಮೂರು ಮನೆಗಳಲ್ಲಿ ನಾನೇ ಬಿಚ್ಚಿಸಿದ್ದೇನೆ. ರೌಟರ್ ಕಾದ ಹೆಂಚಾಗುತ್ತದೆ, ಪಕ್ಕದ ಕೋಣೆಗೂ ನೆಟ್ ಬರುವುದಿಲ್ಲ. ಫಾಯಿಲ್ ಇರಬೇಕಾದ್ದು ರೌಟರಿನ ಹಿಂದೆ, ಬೀದಿ ಕಡೆ ಮಾತ್ರ, ಅಲೆಯನ್ನು ಮನೆಯೊಳಕ್ಕೆ ತಿರುಗಿಸುವ ಬಾಗಿದ ತಟ್ಟಿಯಾಗಿ.

ಮೊದಲು ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಇಲ್ಲವೇ ಪಿನ್ ಹಾಕಿ ನೆಟ್‌ಗೆ ಸೇರುವ ಸೌಲಭ್ಯ) ಆಫ್ ಮಾಡಿ. ಆಮೇಲೆ ರಟ್ಟು, ಚಾರ್ಟ್ ಹಾಳೆ, ಅಡುಗೆಮನೆಯ ಫಾಯಿಲ್, ಗೋಂದು, ದಾರ ತನ್ನಿ. ಸಿಗ್ನಲ್ ಹೆಚ್ಚಿಸುವ ಸ್ಟಿಕ್ಕರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಜಾಮರ್ ಅಂತೂ ಬೇಡವೇ ಬೇಡ. ಸರ್ಕಾರದ ಅನುಮತಿ ಇಲ್ಲದೆ ಬಳಸುವುದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಫೋನ್ ಕೂಡ ಕೆಲಸ ಮಾಡದು.

ಎಲ್ಲರೂ ಎಡವುವುದು ಬಾಗು ಕೊಡುವಾಗ. ರಟ್ಟಿನ ಅಂಚಿನಿಂದ 3 ಸೆಂ.ಮೀ. ಒಳಗೆ 32 ಸೆಂ.ಮೀ. ಗೆರೆ ಎಳೆದು ನಡುವೆ ಗುರುತು ಹಾಕಿ. ಅಲ್ಲಿಂದ ಎರಡೂ ಕಡೆ 4 ಸೆಂ.ಮೀ. ದೂರದಲ್ಲಿ ಗೆರೆಯಿಂದ ಅರ್ಧ ಸೆಂ.ಮೀ. ಮೇಲೆ ಚುಕ್ಕಿ ಇಡಿ. 8ರಲ್ಲಿ 2, 12ರಲ್ಲಿ ನಾಲ್ಕೂವರೆ, 16ರಲ್ಲಿ 8. ಚುಕ್ಕಿಗಳನ್ನು ಸೇರಿಸಿದರೆ ಡಿಶ್ ಆಂಟೆನಾದ ಬಾಗೇ ಬರುತ್ತದೆ. ಕತ್ತರಿಸಿ ಕೆಳಗಿನ ಭಾಗ ಇಟ್ಟುಕೊಳ್ಳಿ. ಇಂಥವು ಎರಡು ಬೇಕು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅವುಗಳ ಬಾಗಿಗೆ ಫಾಯಿಲ್ ಅಂಟಿಸಿದ ಹಾಳೆಯನ್ನು ಒಳಮುಖವಾಗಿ ಕೂರಿಸಿ. ಹಾಳೆ 37 ಸೆಂ.ಮೀ. ಉದ್ದ ಇರಲಿ. 32ಕ್ಕೆ ಕತ್ತರಿಸಿದವರಿಗೆ ತುದಿ ಮುಟ್ಟದೆ ಬಾಗೇ ಕೆಡುತ್ತದೆ. ಫಾಯಿಲ್‌ನ ಹೊಳಪಿನ ಬದಿ, ಮಂಕು ಬದಿ ಎರಡೂ ಒಂದೇ.

ಈಗ ಎರಡು ತುದಿಗಳ ನಡುವೆ ದಾರ ಬಿಗಿಯಿರಿ. ರೌಟರಿನ ಆಂಟೆನಾ ದಾರದ ನಟ್ಟನಡುವೆ ತಾಗುವಂತೆ ತಟ್ಟಿಯನ್ನು ಸರಿಸಿ. ಅಂದಾಜಿನಲ್ಲಿ ಇಡಬೇಡಿ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂ.ಮೀ., 5 ಗಿಗಾಹರ್ಟ್ಸ್‌ದು ಅದರ ಅರ್ಧಕ್ಕೂ ಕಡಿಮೆ. ಎರಡು ಬೆರಳು ಆಚೀಚೆಯಾದರೂ ಅಲೆಗಳು ನೇರ ಹೋಗವು.

2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಇಂಥದ್ದನ್ನೇ ಮನೆಯ ಅಳತೆಗೆ ಲೆಕ್ಕಹಾಕಿ ತ್ರೀಡಿ ಪ್ರಿಂಟ್ ಮಾಡಿದ್ದರು. ಈಗ ಬರುತ್ತಿರುವ ಸ್ಮಾರ್ಟ್ ಸರ್ಫೇಸ್ ಹಲಗೆಗಳಿಗೆ ಬಾಗೇ ಬೇಡ. ಸಾಲು ಸಾಲು ಲೋಹದ ಬಿಲ್ಲೆ, ಒಂದೊಂದಕ್ಕೂ ಸ್ವಿಚ್ಚಿನಂತೆ ಕೆಲಸ ಮಾಡುವ ಪುಟ್ಟ ಡಯೋಡ್. ಅದು ಆನ್ ಆಫ್ ಆದಂತೆ ವಾಪಸಾಗುವ ಅಲೆ ತಲೆಕೆಳಗಾಗುತ್ತದೆ. ಕದ್ದು ಕೇಳುವವನು ಇರುವ ಕಡೆ ಅಲೆಗಳು ಒಂದನ್ನೊಂದು ಅಳಿಸುತ್ತವೆ, ನಮ್ಮ ಕಡೆ ಕೂಡಿಕೊಳ್ಳುತ್ತವೆ. ಆದರೆ ಅವನೆಲ್ಲಿದ್ದಾನೆ ಅಂತ ಹಲಗೆಗೆ ಗೊತ್ತಿರಬೇಕಲ್ವಾ? ಕಷ್ಟ ಇರುವುದು ಅಲ್ಲೇ.

ಕೊನೆಗೆ ಗೇಟಿನ ಹತ್ತಿರ ಫೋನಿನ ವೈಫೈ ಆ್ಯಪ್‌ನಲ್ಲಿ ಅಳೆಯಿರಿ. ತಟ್ಟಿ ಇಲ್ಲದೆ ಐದು ಸಲ, ಇಟ್ಟು ಐದು ಸಲ, ಫೋನ್ ಒಂದೇ ರೀತಿ ಹಿಡಿದು. ಆ್ಯಪ್ ತೋರಿಸುವ ಸಿಗ್ನಲ್ ಬಲ ಮೈನಸ್ 60 ಡಿಬಿಎಂ ಇದ್ದದ್ದು ಮೈನಸ್ 70 ಆದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಇಳಿಯದಿದ್ದರೆ ಎದುರು ಗೋಡೆಗೆ ಬಡಿದು ಇನ್ನೊಂದು ಕಿಟಕಿಯಿಂದ ಹೋಗುತ್ತಿರಬಹುದು. ತಟ್ಟಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಅಳೆಯಿರಿ.